ಮೊಳೆಗೆ ತೂಗಿದ ಬ್ಯಾಡ್ಜು

ಆ ಊರಿಗೆ ನೀವು ಎಂದಾದರೂ ಹೋದರೆ, ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಹೊರಗೋಡೆಯಲ್ಲಿ ಒಂದು ಮೊಳೆಯಿದೆ, ಅದನ್ನು ತೋರಿಸಿ ಯಾರನ್ನಾದರೂ ಕೇಳಿ. ನನ್ನ ಹೆಸರು ಹೇಳುತ್ತಾರೆ. ಜೊತೆಗೆ ಒಂದಿಷ್ಟು ಬೈಗುಳವನ್ನೂ ಸೇರಿಸುತ್ತಾರೆ. ಅದನ್ನು ನಾನು ಚಪ್ಪಾಳೆಯೆಂದೇ ತಿಳಿಯುತ್ತೇನೆ. ಹೀರೋನ ಹೆಸರನ್ನು ಊರು ಮರೆಯಬಹುದು, ವಿಲನ್ನನ ಹೆಸರನ್ನು ಮರೆಯುವುದಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ, ಕಿರಣ ಅಳೆಯುವ ಬ್ಯಾಡ್ಜೊಂದನ್ನು ಎಕ್ಸ್‌ರೇ ಯಂತ್ರದ ಬಾಯಿಗೆ ಹಿಡಿದು, ವರ್ಷಗಟ್ಟಲೆ ಅಲ್ಲೇ ದುಡಿದ ಒಬ್ಬ ಹೆಂಗಸನ್ನು ಆ ಕೋಣೆಯಿಂದ ಎಬ್ಬಿಸಿ, ದೂರದ ಪ್ರಯೋಗಾಲಯದ ಅಧಿಕಾರಿಯನ್ನು ಬಸ್ಸು ಹತ್ತಿಸಿ ಕರೆಸಿ, ಯಂತ್ರಕ್ಕೇ ಬೀಗ ಬೀಳಿಸಿದ ಕಿಲಾಡಿ ಯಾರು? ನಿಮ್ಮೆದುರಿಗೇ ಇದ್ದಾನೆ. ಕೂತುಕೊಳ್ಳಿ. ಇದಕ್ಕೆ ಇಂಟರ್‌ವಲ್ ಇಲ್ಲ.

ತರಬೇತಿ ಮುಗಿಸಿ ಆ ಆಸ್ಪತ್ರೆಗೆ ಸೇರಿದಾಗ ನನಗಿನ್ನೂ ನೆಟ್ಟಗೆ ಮೀಸೆ ಬಂದಿರಲಿಲ್ಲ. ಊರಿನ ಟಾಕೀಸಿನಲ್ಲಿ ಬಂದ ಪ್ರತಿಯೊಂದು ಚಿತ್ರವನ್ನೂ ಮಾತು ಬಾಯಿಪಾಠವಾಗುವವರೆಗೆ ನೋಡುವುದು ನನ್ನ ನಿಜವಾದ ವಿದ್ಯಾಭ್ಯಾಸವಾಗಿತ್ತು. ಡಾರ್ಕ್‌ರೂಮಿನ ಕೆಂಪು ಬಲ್ಬಿನ ಕೆಳಗೆ ನಿಂತು ಫಿಲ್ಮು ತೊಳೆಯುವಾಗ ನಾನು ನಗುವ ಖಳನಗು ಹೊರರೋಗಿಗಳ ಸಾಲಿಗೂ ಕೇಳಿಸುತ್ತಿತ್ತು. ಕ್ಯಾಂಟೀನಿನ ಬೋಂಡಾಕ್ಕೆ ಎಕ್ಸ್‌ರೇ ತೆಗೆದು, 'ಒಳಗೆ ಆಲೂಗಡ್ಡೆಯ ಲಕ್ಷಣಗಳು ಕಂಡುಬಂದಿಲ್ಲ' ಎಂದು ವರದಿ ಬರೆದು, ಕ್ಯಾಂಟೀನಿನ ಬಾಗಿಲಿಗೇ ಅಂಟಿಸಿದ್ದೆ. ಡಾಕ್ಟರ್ ವಿಶ್ವಾರಾಧ್ಯರ ಬ್ಯಾಡ್ಜನ್ನು ಅವರ ಕೋಣೆಯಲ್ಲಿದ್ದ ಅಸ್ಥಿಪಂಜರದ ಎದೆಗೆ ಚುಚ್ಚಿ, ಅದಕ್ಕೆ 'ನಮಸ್ಕಾರ ಡಾಕ್ಟ್ರೇ' ಎಂದು ಹೇಳಿ ಬಂದಿದ್ದೆ. ಆಸ್ಪತ್ರೆ ಅವರದ್ದೇ. ಆದರೂ ಅಂದು ಅವರೇ ನಕ್ಕುಬಿಟ್ಟಿದ್ದರು. ಹೀಗಾಗಿ ಆ ಕಟ್ಟಡದಲ್ಲಿ ಕರೆಂಟು ಹೋದರೂ ಜನ ಮೊದಲು ನನ್ನ ಮುಖ ನೋಡುತ್ತಿದ್ದರು.

ಎಕ್ಸ್‌ರೇ ಕೋಣೆಯ ನಿಜವಾದ ಯಜಮಾನಿ ಎಸ್ತರಕ್ಕ. ದಪ್ಪ ಕನ್ನಡಕ, ಸೀರೆಯ ಮೇಲೊಂದು ಬಿಳಿ ಕೋಟು, ಕೋಟಿನ ಜೇಬಿನಲ್ಲಿ ಎಡ ಬಲ ಗುರುತಿಸಲು ಫಿಲ್ಮಿನ ಮೇಲಿಡುವ ಸೀಸದ ಅಕ್ಷರಗಳು. ಅವರು ನಡೆದರೆ ಅವು ಸಣ್ಣಗೆ ಸದ್ದು ಮಾಡುತ್ತಿದ್ದವು. ನಾನು ಅವರಿಗೆ ಸಹಾಯಕ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ; ಸಿಟ್ಟಿದ್ದರೆ 'ಹೀರೋ', ಇಲ್ಲದಿದ್ದರೆ 'ಮರಿ'.

ಅವರು ಅತಿ ಹೆಚ್ಚು ದ್ವೇಷಿಸುತ್ತಿದ್ದದ್ದು ಮಸುಕಾದ ಫಿಲ್ಮನ್ನು. ಒದ್ದೆ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಹಿಡಿದು, ಮೂಳೆಯ ಅಂಚು ಕತ್ತಿಯಂತೆ ಇದ್ದರೆ ಮಾತಾಡುತ್ತಿರಲಿಲ್ಲ. ಅಂಚು ಕರಗಿದಂತೆ ಕಂಡರೆ ಒಂದೇ ಮಾತು: 'ಅಲ್ಲಾಡಿದೆ.' ನ್ಯಾಯಾಧೀಶರು ಶಿಕ್ಷೆ ಹೇಳಿದ ಹಾಗೆ. ಫಿಲ್ಮು ಕಸಕ್ಕೆ, ರೋಗಿಗೆ ಮತ್ತೊಮ್ಮೆ ಕಿರಣ. ಆ ಮತ್ತೊಮ್ಮೆ ಎನ್ನುವುದೇ ಅವರಿಗೆ ಸಹಿಸಲಾಗದ ಪಾಪ.

ಸೇರಿದ ಹೊಸತರಲ್ಲಿ ನಾನು ಅವರಿಗೆ ನನ್ನ ವಿದ್ಯೆ ತೋರಿಸಹೋದೆ. ಎಕ್ಸ್‌ರೇ ಹುಟ್ಟುವ ಬಗೆಯನ್ನು ಫೈಟಿಂಗ್ ಸೀನಿನ ಹಾಗೆ ವಿವರಿಸಿದೆ. ಗಾಳಿಯನ್ನೂ ಹೊರಗಟ್ಟಿದ ಗಾಜಿನ ಕೊಳವೆಯೊಳಗೆ ಒಂದು ತಂತಿ ಕಾದು ಕೆಂಪಾಗುತ್ತದೆ. ಅದರಿಂದ ಎಲೆಕ್ಟ್ರಾನುಗಳು ಏಳುತ್ತವೆ, ವಿಲನ್ನನ ಕಡೆಯ ರೌಡಿಗಳು. ಸಾವಿರಾರು ವೋಲ್ಟು ಹಿಂದಿನಿಂದ ಅವರನ್ನು ಅಟ್ಟುತ್ತದೆ. ಎದುರಿಗೆ ಟಂಗ್‌ಸ್ಟನ್ ಲೋಹ, ಜಗ್ಗದೆ ನಿಂತ ಹೀರೋ. ಬಂದವರು ಬಂದ ವೇಗದಲ್ಲೇ ಢೀ ಕೊಡುತ್ತಾರೆ. ಅವರ ಕಸುವು ಬಹುಪಾಲು ಬರೀ ಬಿಸಿಯಾಗಿ ಹಾಳಾಗುತ್ತದೆ, ಒಂದು ಚೂರು ಮಾತ್ರ ಎಕ್ಸ್‌ರೇ ಆಗಿ ಹೊರಗೆ ಹಾರುತ್ತದೆ. ಸ್ವಿಚ್ಚು ಬಿಟ್ಟ ಕ್ಷಣ ಸೀನು ಕಟ್. ಕೋಣೆಯಲ್ಲಿ ಏನೂ ಉಳಿಯುವುದಿಲ್ಲ.

ಎಸ್ತರಕ್ಕ ಕೇಳಿಸಿಕೊಂಡು, ಕನ್ನಡಕ ಒರೆಸುತ್ತ, "ಎಲ್ಲಾ ಹೇಳ್ದೆ ಹೀರೋ. ಫೈಟಿಂಗಲ್ಲಿ ಪಕ್ಕದಲ್ಲಿ ಸುಮ್ನೆ ನಿಂತಿರೋನಿಗೂ ಏಟು ಬೀಳುತ್ತಲ್ಲ, ಅದನ್ಯಾಕೆ ಬಿಟ್ಬಿಟ್ಟೆ?" ಎಂದರು.

ನಿಜ. ಕಿರಣ ರೋಗಿಯ ಮೈಗೆ ಬಡಿದು ಅಲ್ಲಿಂದ ಸುತ್ತಲೂ ಚೆದುರುತ್ತದೆ. ಪಕ್ಕದಲ್ಲಿ ನಿಂತವರಿಗೆ ತಾಗುವುದು ಅದು. ಅದಕ್ಕೇ ನಾವು ಸೀಸದ ಗೋಡೆಯ ಮರೆಯಲ್ಲಿ ನಿಂತು ಸ್ವಿಚ್ಚು ಒತ್ತಬೇಕು, ಆದಷ್ಟು ದೂರ ಇರಬೇಕು, ಆದಷ್ಟು ಚುಟುಕಾಗಿ ಮುಗಿಸಬೇಕು. ಅದಕ್ಕೇ ಎದೆಯ ಮೇಲೆ ಬ್ಯಾಡ್ಜು. ಬ್ಯಾಡ್ಜು ಯಾರನ್ನೂ ಕಾಯುವುದಿಲ್ಲ. ಅದರೊಳಗಿನ ಫಿಲ್ಮಿನ ಚೂರು, ತೊಟ್ಟವರ ಮೈಗೆ ಎಷ್ಟು ಕಿರಣ ತಾಗಿತೆಂದು ನೆನಪಿಟ್ಟುಕೊಳ್ಳುತ್ತದೆ, ಅಷ್ಟೆ. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆವು, ಹೊಸದು ಬರುತ್ತಿತ್ತು. ಮಿತಿ ಮೀರಿದವರನ್ನು ಕಿರಣದ ಕೆಲಸದಿಂದ ದೂರವಿಡಬೇಕೆಂಬುದು ನಿಯಮ.

ಎಸ್ತರಕ್ಕನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವರು ಒಂದು ಕೆಲಸ ಮಾಡುತ್ತಿದ್ದರು.

ಮಕ್ಕಳು ಎಕ್ಸ್‌ರೇ ಮೇಜಿನ ಮೇಲೆ ಸುಮ್ಮನಿರುವುದಿಲ್ಲ. ಯಾರಾದರೂ ಹಿಡಿದುಕೊಳ್ಳಬೇಕು. ಮನೆಯವರು ಸೀಸದ ಅಂಗಿ ತೊಟ್ಟು ಹಿಡಿಯಬೇಕು, ದಿನಾ ಅಲ್ಲೇ ದುಡಿಯುವವರು ಹಿಡಿಯಬಾರದು, ಇದು ನಮಗೆ ಮೊದಲು ಕಲಿಸುವ ಪಾಠ. ಆದರೆ ಬರುವ ತಾಯಂದಿರಲ್ಲಿ ಎಷ್ಟೋ ಜನ ಮತ್ತೆ ಬಸುರಿಯರು; ಎಸ್ತರಕ್ಕ ಬಾಗಿಲಲ್ಲೇ ಅವರ ಕಿವಿಯಲ್ಲಿ ಮೆಲ್ಲಗೆ ಕೇಳಿ, ಹೌದೆಂದರೆ ಹೊರಗೆ ಕೂರಿಸುತ್ತಿದ್ದರು. ಅಪ್ಪಂದಿರಿಗೆ ಮಗು ಅತ್ತರೆ ಕೈ ಸಡಿಲ. ಫಿಲ್ಮು ಅಲ್ಲಾಡುತ್ತದೆ. ಆದ್ದರಿಂದ ಎಲ್ಲ ಮಕ್ಕಳನ್ನೂ ಅವರೇ ಹಿಡಿಯುತ್ತಿದ್ದರು. ಅವರು ಹಿಡಿದ ಮಗುವಿನ ಫಿಲ್ಮನ್ನು ಎರಡನೆಯ ಸಲ ತೆಗೆದದ್ದನ್ನು ನಾನು ನೋಡಿಲ್ಲ.

ಒಳಗೆ ಹೋಗುವ ಮುನ್ನ ಅವರು ಎದೆಯ ಬ್ಯಾಡ್ಜನ್ನು ಬಿಚ್ಚಿ, ಹೊರಗೋಡೆಯ ಆ ಮೊಳೆಗೆ ತೂಗುಹಾಕುತ್ತಿದ್ದರು. ದೇವರ ಮನೆಗೆ ಹೋಗುವವರು ಚಪ್ಪಲಿ ಬಿಡುವಷ್ಟು ಸಹಜವಾಗಿ. ಕೆಲಸ ಮುಗಿದ ಮೇಲೆ ಮತ್ತೆ ಚುಚ್ಚಿಕೊಳ್ಳುತ್ತಿದ್ದರು. ಹೀಗಾಗಿ ಪ್ರತಿ ಸಲವೂ ಪ್ರಯೋಗಾಲಯದಿಂದ ಬರುವ ವರದಿಯಲ್ಲಿ ಇಡೀ ಆಸ್ಪತ್ರೆಗೆ ಅತಿ ಶುದ್ಧ ಬ್ಯಾಡ್ಜು ಎಸ್ತರಕ್ಕನದು. ಡಾಕ್ಟರು ನಮಗೆಲ್ಲ ಅದನ್ನು ಮಾದರಿಯೆಂದು ಹೇಳುತ್ತಿದ್ದರು.

ಯಾಕೆಂದು ನಾನು ಕೇಳಿದ್ದಕ್ಕೆ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬ್ಯಾಡ್ಜಿನಲ್ಲಿ ಕಿರಣದ ಲೆಕ್ಕ ಜಾಸ್ತಿ ಬಂದರೆ ತಮ್ಮನ್ನು ಬಟ್ಟೆಬರೆಯ ಉಗ್ರಾಣಕ್ಕೆ ಹಾಕುತ್ತಾರೆ. ಆಮೇಲೆ ಈ ಮಕ್ಕಳನ್ನು ಯಾರು ಹಿಡಿಯುತ್ತಾರೆ? ತಮಗೂ ಈ ಕೋಣೆ ಬಿಟ್ಟರೆ ಜಗತ್ತಿನಲ್ಲಿ ಬೇರೆ ಕೋಣೆಯಿಲ್ಲ.

ಇನ್ನು ಆ ಕೋಣೆಯ ಸ್ಥಿತಿ. ಯಂತ್ರದ ಬಾಯಲ್ಲಿ ಕಿರಣದ ಹರವನ್ನು ಬೇಕಾದಷ್ಟಕ್ಕೇ ಕಿರಿದು ಮಾಡುವ ಸೀಸದ ಬಾಗಿಲುಗಳಿರುತ್ತವೆ. ನಮ್ಮ ಯಂತ್ರದಲ್ಲಿ ಅವು ತೆರೆದೇ ಕಚ್ಚಿಕೊಂಡಿದ್ದವು. ಅಂಗೈಯಗಲದ ಎದೆಗೂಡಿಗೆ ಇಡೀ ಮೇಜಿನಗಲದ ಕಿರಣ, ಹಿಡಿದವರ ಕೈಯೂ ಅದರೊಳಗೆ. ಇದ್ದದ್ದು ಒಂದೇ ಸೀಸದ ಅಂಗಿ. ಅದನ್ನು ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಕಂಬಳಿಯ ಹಾಗೆ ಮಡಿಚಿಟ್ಟಿದ್ದರು. ಒಂದು ದಿನ ತಮಾಷೆಗೆ ನಾನು ಆ ಅಂಗಿಗೇ ಎಕ್ಸ್‌ರೇ ತೆಗೆದೆ. ಮಡಿಕೆ ಬಿದ್ದಲ್ಲೆಲ್ಲ ಒಳಗಿನ ಸೀಸ ಸೀಳಿ, ಫಿಲ್ಮಿನ ತುಂಬ ಕಪ್ಪು ಬಿರುಕುಗಳು. ಡಾಕ್ಟರಿಗೆ ತೋರಿಸಿದೆ. ಹೊಸ ಕಟ್ಟಡವಾಗಲಿ, ಎಲ್ಲ ಒಟ್ಟಿಗೆ ಮಾಡಿಸೋಣ ಎಂದರು. ಎಸ್ತರಕ್ಕನಿಗೆ ತೋರಿಸಿದೆ. "ಪಾಪ, ಅಂಗಿಗೂ ಮುಪ್ಪು ಬಂತು" ಎಂದು ಅದನ್ನು ಮೂಲೆಯ ಗೂಟಕ್ಕೆ ಹಾಕಿದರು. ಅದು ಅಲ್ಲೇ ತಲೆಯಿಲ್ಲದ ಮನುಷ್ಯನಂತೆ ನಿಂತಿತು.

ಒಂದು ಮಧ್ಯಾಹ್ನ ಅವರು ಕಿತ್ತಳೆ ಹಣ್ಣೊಂದನ್ನು ನನ್ನ ಕಡೆ ನೂಕಿ ಸುಲಿದುಕೊಡಲು ಹೇಳಿದರು. ಅವರ ಬೆರಳ ತುದಿಗಳು ಒಣಗಿ ಹೊಳೆಯುತ್ತಿದ್ದವು, ಉಗುರುಗಳಲ್ಲಿ ಉದ್ದುದ್ದ ಗೀರು. ಫಿಲ್ಮು ತೊಳೆಯುವ ನೀರಿನಿಂದ ಆದದ್ದು, ಕೊಬ್ಬರಿ ಎಣ್ಣೆ ಹಚ್ಚಿದರೆ ಹೋಗುತ್ತದೆ ಎಂದರು. ಇರಬಹುದು. ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ: ಅವರು ಮಗುವನ್ನು ಹಿಡಿದು, ನನ್ನ ಕಡೆ ನೋಡದೆ, 'ಹೂಂ' ಎನ್ನುತ್ತಿದ್ದರು. ಸೀಸದ ಗೋಡೆಯ ಮರೆಯಲ್ಲಿ ಕ್ಷೇಮವಾಗಿ ನಿಂತು ಸ್ವಿಚ್ಚು ಒತ್ತುತ್ತಿದ್ದ ಬೆರಳು ನನ್ನದು.

ನಾನು ಹೇಳಲಿಲ್ಲವೆಂದಲ್ಲ. ನನಗೆ ಬರುವ ರೀತಿಯಲ್ಲಿ ಹೇಳಿದೆ. "ಅಕ್ಕಾ, ಹಿಂಗೇ ಆದ್ರೆ ಒಂದಿನ ನೀವೇ ಮಿಣಮಿಣ ಅಂತೀರಾ. ಡಾರ್ಕ್‌ರೂಮಿಗೆ ಬಲ್ಬೇ ಬೇಕಾಗಲ್ಲ" ಎಂದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು, ಬ್ಯಾಡ್ಜು ಬಿಚ್ಚಿ ಮೊಳೆಗೆ ಹಾಕಿ, ಕೆಮ್ಮುತ್ತಿದ್ದ ಇನ್ನೊಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ಆ ಸಲದ ಬ್ಯಾಡ್ಜುಗಳು ಹೋದ ಮೇಲೆ ಪ್ರಯೋಗಾಲಯದಿಂದ ಫೋನು ಬಂತು. ಎಸ್ತರಕ್ಕನ ಬ್ಯಾಡ್ಜು ಮಿತಿಗಿಂತ ಎಷ್ಟೋ ಮೇಲಿದೆ. ಅವರನ್ನು ಆ ಕೋಣೆಗೆ ಬಿಡಬೇಡಿ, ನಾವೇ ಬಂದು ನೋಡುತ್ತೇವೆ.

ಡಾಕ್ಟರ್ ವಿಶ್ವಾರಾಧ್ಯರ ಮುಖದಲ್ಲಿ ಮೊದಲು ಗಾಬರಿ ಕಂಡಿತು. ಅಧಿಕಾರಿ ಬಂದರೆ ಕಚ್ಚಿಕೊಂಡ ಬಾಗಿಲು, ಸೀಳಿದ ಅಂಗಿ, ಎಲ್ಲ ಕಾಣುತ್ತದೆ. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು. ಗಾಬರಿ ಇಳಿದು ಅಲ್ಲೊಂದು ಸಮಾಧಾನ ಬಂತು.

"ಏನಯ್ಯಾ, ಇದೂ ನಿನ್ನ ಬೋಂಡಾ ಕೆಲಸಾನೇನು?"

ನಾನು ಹಲ್ಲು ಕಿರಿದೆ. ಆ ವಯಸ್ಸಿನಲ್ಲಿ ನನಗೆ ಬೇರೆ ಉತ್ತರ ಗೊತ್ತಿರಲಿಲ್ಲ.

ಸಂಜೆಯೊಳಗೆ ಇಡೀ ಆಸ್ಪತ್ರೆಯಲ್ಲಿ ಕತೆ ಸಿದ್ಧವಾಗಿತ್ತು. ನಾನು ಎಸ್ತರಮ್ಮನ ಬ್ಯಾಡ್ಜನ್ನು ಯಂತ್ರದ ಕೆಳಗಿಟ್ಟು ಮೇಲಿಂದ ಮೇಲೆ ಸ್ವಿಚ್ಚು ಒತ್ತಿದೆನಂತೆ. ಅಸ್ಥಿಪಂಜರಕ್ಕೆ ಬ್ಯಾಡ್ಜು ಚುಚ್ಚಿದವನು ಇದನ್ನು ಮಾಡದಿರುತ್ತಾನೆಯೇ? ಕ್ಯಾಂಟೀನಿನವನು ಬೋಂಡಾದ ಹಳೆಯ ಸಿಟ್ಟನ್ನೂ ಸೇರಿಸಿ, ನಾನು ಒತ್ತಿದ್ದನ್ನು ಕಣ್ಣಾರೆ ಕಂಡೆನೆಂದೇ ಹೇಳಿದ.

ಅಧಿಕಾರಿ ಬರುವ ಹಿಂದಿನ ದಿನ ಎಸ್ತರಕ್ಕ ನನ್ನನ್ನು ಡಾರ್ಕ್‌ರೂಮಿಗೆ ಕರೆದು ಬಾಗಿಲು ಹಾಕಿದರು. ಕೆಂಪು ಬೆಳಕಿನಲ್ಲಿ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು.

"ನನ್ನ ಬ್ಯಾಡ್ಜು ಹೊರಗೆ ಮೊಳೆ ಮೇಲೆ ಇರ್ತಿತ್ತು. ಅದು ಹೆಂಗೆ ಕೆಡುತ್ತೆ? ಆದ್ರೆ ಈ ಮಾತನ್ನ ನಾನು ಅವರ ಮುಂದೆ ಹೇಳೋಕಾಗುತ್ತೇನೋ? ಬಿಚ್ಚಿಟ್ಟು ಒಳಗೆ ಹೋಗ್ತಿದ್ದೆ ಅಂದ್ರೆ ಅದಕ್ಕೇ ಕೆಲಸ ಹೋಗುತ್ತೆ. ಅನ್ನದಿದ್ರೆ ಬ್ಯಾಡ್ಜಿನ ಈ ಲೆಕ್ಕದಿಂದ ಹೋಗುತ್ತೆ." ಆಮೇಲೆ ಮೆಲ್ಲಗೆ ಕೇಳಿದರು: "ನೀನೇ ತಾನೆ ಮರಿ? ಬೈಯಲ್ಲ. ಒಪ್ಕೊಂಡ್ಬಿಡು. ನಿನಗಿನ್ನೂ ಚಿಕ್ಕ ವಯಸ್ಸು, ಎಲ್ಲಾದ್ರೂ ಬದುಕ್ಕೋತೀಯ. ನನಗೆ ಈ ರೂಮು ಬೇಕು ಕಣೋ."

ತೊಳೆಯುವ ತೊಟ್ಟಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಸಿನಿಮಾದಲ್ಲಾದರೆ ಇಲ್ಲೊಂದು ಭಾರಿ ಡೈಲಾಗು ಇರುತ್ತದೆ. ನನ್ನ ಬಾಯಿಗೆ ಬಂದದ್ದು ಇಷ್ಟೇ: "ಹೂಂ ಅಕ್ಕ. ನಾನೇ."

ಮರುದಿನ ಬಂದ ಅಧಿಕಾರಿ ಒಬ್ಬ ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಡಾಕ್ಟರ ಕೋಣೆಯಲ್ಲಿ ನಾವು ನಾಲ್ವರೇ. ನಾನು ಎದೆ ಸೆಟೆಸಿ ನಿಂತು ತಪ್ಪೊಪ್ಪಿಗೆಯ ಸೀನನ್ನು ಚೆನ್ನಾಗಿಯೇ ಆಡಿದೆ. ತಮಾಷೆಗೆ ಮಾಡಿದೆ ಸಾರ್, ಮೇಜಿನ ಮೇಲಿಟ್ಟೆ, ಒತ್ತಿದೆ, ಇಷ್ಟು ದೊಡ್ಡದಾಗುತ್ತದೆಂದು ಗೊತ್ತಿರಲಿಲ್ಲ. ಡಾಕ್ಟರು ತಲೆಯಾಡಿಸುತ್ತ, ಹುಡುಗರ ಹುಡುಗಾಟವೆಂದು ನಿಟ್ಟುಸಿರಿಟ್ಟರು. ಎಸ್ತರಕ್ಕ ನೆಲ ನೋಡುತ್ತಿದ್ದರು.

ಅಧಿಕಾರಿ ಚೀಲದಿಂದ ಪುಟ್ಟ ಫಿಲ್ಮಿನ ಚೂರೊಂದನ್ನು ತೆಗೆದು ಬೆಳಕಿನ ಪೆಟ್ಟಿಗೆಗೆ ಅಂಟಿಸಿದರು. ಎಸ್ತರಕ್ಕನ ಬ್ಯಾಡ್ಜಿನ ಫಿಲ್ಮು. ಆಮೇಲೆ ಅವರು ವಿವರಿಸಿದರು. ಬ್ಯಾಡ್ಜಿನ ಡಬ್ಬಿಯೊಳಗೆ ಫಿಲ್ಮಿನ ಮುಂದೆ ಲೋಹದ ಸಣ್ಣ ಚೂರುಗಳಿರುತ್ತವೆ, ಅವುಗಳ ನೆರಳು ಫಿಲ್ಮಿನ ಮೇಲೆ ಬೀಳುತ್ತದೆ. ಬ್ಯಾಡ್ಜನ್ನು ಒಂದು ಕಡೆ ಇಟ್ಟು ಮೇಲಿಂದ ಕಿರಣ ಬಿಟ್ಟರೆ ಆ ನೆರಳಿಗೆ ಗೆರೆ ಕೊರೆದಂಥ ಅಂಚಿರುತ್ತದೆ. ಉಸಿರಾಡುವ, ಬಾಗುವ, ತಿರುಗುವ ಮೈಮೇಲಿದ್ದರೆ ಕಿರಣ ದಿನಕ್ಕೊಂದು ದಿಕ್ಕಿನಿಂದ ತಾಗಿ ಅಂಚು ಕರಗಿರುತ್ತದೆ.

"ನೀವೇ ನೋಡಿ ಹೇಳಿಯಮ್ಮ. ನಿಮಗೆ ಫಿಲ್ಮು ನೋಡಿ ಅಭ್ಯಾಸ" ಎಂದು ಅವರು ಪಕ್ಕಕ್ಕೆ ಸರಿದರು.

ಎಸ್ತರಕ್ಕ ಹತ್ತಿರ ಹೋದರು. ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡರು. ಒದ್ದೆ ಫಿಲ್ಮುಗಳನ್ನು ಇಷ್ಟು ವರ್ಷ ಹೇಗೆ ನೋಡಿದ್ದರೋ ಹಾಗೆಯೇ, ಕತ್ತನ್ನು ಒಂದಿಷ್ಟು ಓರೆ ಮಾಡಿ ನೋಡಿದರು. ಅವರ ಜೇಬಿನ ಸೀಸದ ಅಕ್ಷರಗಳೂ ಸದ್ದು ಮಾಡಲಿಲ್ಲ.

"ಅಲ್ಲಾಡಿದೆ" ಎಂದರು.

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ, ಅಥವಾ ಅರ್ಥವಾಗದಿರುವುದೇ ಅನುಕೂಲವೆನಿಸಿತು. ಅಧಿಕಾರಿಗೆ ಅರ್ಥವಾಯಿತು. ಅವರು ನನ್ನನ್ನು ಒಮ್ಮೆ ನೋಡಿದರು, ಬೈಯಲಿಲ್ಲ. ಎದ್ದು ಹೋಗಿ ಯಂತ್ರವನ್ನೂ ಅಂಗಿಯನ್ನೂ ನೋಡಿದರು. ಸೀಸದ ಬಾಗಿಲು ಸರಿಯಾಗಿ, ಹೊಸ ಅಂಗಿಗಳು ಬರುವವರೆಗೆ ಯಂತ್ರ ನಡೆಸುವಂತಿಲ್ಲ ಎಂದರು. ಎಸ್ತರಕ್ಕ ಆ ಕೋಣೆಗೆ ಕಾಲಿಡುವಂತಿಲ್ಲ ಎಂದರು. ಡಾಕ್ಟರು ಊರಿಗೆ ಹೇಳಲು ನನ್ನ ಕತೆಯನ್ನೇ ಇಟ್ಟುಕೊಂಡರು. ಆಸ್ಪತ್ರೆಯ ಮರ್ಯಾದೆಗೆ ಅದೇ ಚೆನ್ನಾಗಿತ್ತು. ನನ್ನನ್ನು ಅಂದೇ ಕೆಲಸದಿಂದ ತೆಗೆದರು.

ಈಗ ಒಪ್ಪಿಕೊಳ್ಳುತ್ತೇನೆ. ಆ ಬ್ಯಾಡ್ಜು ಯಂತ್ರದ ಬಾಯಿಗೆ ಹೋಗಲೇ ಇಲ್ಲ. ಆ ಸಲ ಹೊಸ ಬ್ಯಾಡ್ಜು ಬಂದ ದಿನವೇ, ಹಿಂದೆ ಕೆಲಸ ಬಿಟ್ಟುಹೋದ ಯಾರದೋ ಖಾಲಿ ಡಬ್ಬಿಯನ್ನು ಎಸ್ತರಕ್ಕನ ಎದೆಗೆ ದಾಟಿಸಿದೆ. ಅವರು ಬಿಚ್ಚಿ ಮೊಳೆಗೆ ಹಾಕುತ್ತಿದ್ದದ್ದು ಆ ಖಾಲಿ ಡಬ್ಬಿಯನ್ನು. ನಿಜವಾದದ್ದನ್ನು ಅವರ ಬಿಳಿ ಕೋಟಿನ ಒಳಮಗ್ಗುಲಿಗೆ, ಕಾಲರಿನ ಕೆಳಗೆ, ಸೇಫ್ಟಿಪಿನ್ನಿನಿಂದ ಚುಚ್ಚಿದ್ದೆ. ವಾರದ ಕೊನೆಗೆ ಅವರು ಕೋಟನ್ನು ಒಗೆಯಲು ಒಯ್ಯುವ ಮುನ್ನ ಬಿಚ್ಚುತ್ತಿದ್ದೆ, ಬಂದ ಮೇಲೆ ಮತ್ತೆ ಚುಚ್ಚುತ್ತಿದ್ದೆ. ಪ್ರಯೋಗಾಲಯಕ್ಕೆ ಹೋಗುವ ಕಟ್ಟಿನಲ್ಲಿ ನಿಜವಾದದ್ದನ್ನೇ ಇಟ್ಟೆ. ಸೀಸದ ಅಕ್ಷರಗಳ ಭಾರದಲ್ಲಿ ಅದರ ಭಾರ ಅವರಿಗೆ ತಿಳಿಯಲಿಲ್ಲ. ಅವರ ಮೈಗೆ ಎಷ್ಟು ತಾಗುತ್ತಿದೆಯೆಂದು ಯಾರಾದರೂ ನಗದೆ ಹೇಳಲಿ ಎಂಬುದು ನನ್ನ ಆಸೆಯಾಗಿತ್ತು. ಹೇಳಿದ ದಿನ, ಅದು ಸುಳ್ಳೆಂದು ಸಾಧಿಸಲು ಎಲ್ಲರಿಗಿಂತ ಮೊದಲು ನಿಂತವನು ನಾನೇ. ಕೆಂಪು ಬೆಳಕಿನಲ್ಲಿ ಅವರು ಆ ಕೋಣೆಯನ್ನು ಬೇಡಿದಾಗ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ವಿಲನ್ನನ ಪಾತ್ರ ಸುಲಭ. ಅದರ ಮಾತೆಲ್ಲ ನನಗೆ ಮೊದಲೇ ಬಾಯಿಪಾಠವಾಗಿತ್ತು. ಆ ಪುಟ್ಟ ಫಿಲ್ಮು ಬಾಯಿ ಬಿಡದಿದ್ದರೆ, ನನ್ನ ಸುಳ್ಳೇ ಅವರನ್ನು ಮರುದಿನ ಮತ್ತೆ ಒಳಗೆ ಕಳಿಸುತ್ತಿತ್ತು.

ಪೆಟ್ಟಿಗೆ ಹಿಡಿದು ಹೊರಟಾಗ ಎಸ್ತರಕ್ಕ ಕಾರಿಡಾರಿನಲ್ಲಿ, ಎಕ್ಸ್‌ರೇ ಕೋಣೆಯ ಮುಚ್ಚಿದ ಬಾಗಿಲಿನ ಎದುರು ನಿಂತಿದ್ದರು. ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಿದ್ದರು. ಅದರ ಕಾಲರು ಮಗುಚಿತ್ತು. ನಾನು ತೆಗೆಯಲು ಮರೆತ ಸೇಫ್ಟಿಪಿನ್ನು ಅವರ ಅಂಗೈಯಲ್ಲಿತ್ತು.

"ನನಗೆ ಹೇಳಬಹುದಿತ್ತಲ್ಲೋ."

"ಹೇಳಿದ್ದೆ ಅಕ್ಕ."

"ಹೂಂ" ಎಂದರು. "ನಗಿಸ್ತಾ ಹೇಳಿದ್ದೆ."

ಅವರು ಸಿಟ್ಟಾಗಿದ್ದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಅಷ್ಟರಲ್ಲಿ ವಾರ್ಡಿನ ಕಡೆಯಿಂದ ಮಗುವೊಂದು ಅಳುವುದು ಕೇಳಿಸಿತು. ಅವರು ಅಭ್ಯಾಸಬಲದಿಂದ ಎದೆಗೆ ಕೈ ಹಾಕಿದರು, ಬಿಚ್ಚಲು ಅಲ್ಲೇನೂ ಇರಲಿಲ್ಲ. ಆ ಒರಟು ಬೆರಳುಗಳು ಒಂದು ಕ್ಷಣ ಹಾಗೇ ನಿಂತವು. ಆಮೇಲೆ ಅವರು ಆ ಪಿನ್ನನ್ನು ಮೊಳೆಗೆ ತೂಗುಹಾಕಿ, ಅಳುವ ಕಡೆಗೆ ನಡೆದುಹೋದರು.

ನಾನು ಕಾರಿಡಾರು ದಾಟುವವರೆಗೂ ಪಿನ್ನು ಮೊಳೆಯ ಮೇಲೆ ಮೆಲ್ಲಗೆ ಅಲ್ಲಾಡುತ್ತಿತ್ತು.